ಅವಳು ರೈಲು ಯಾಕೆ ಹತ್ತಲಿಲ್ಲ

ನಿನಗೆ,

ಇದನ್ನು ನೀನು ಓದುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕಾದಂಬರಿ ಮತ್ತೆ ವಾಪಸ್ ಬಂತು. ಈ ಸಲ ಪ್ರಕಾಶಕರೇ ಫೋನ್ ಮಾಡಿದ್ದರು. ನಾನೂರು ಪುಟಗಳನ್ನು ಹಿಂಡಿ ಒಂದು ಪುಟದ ಸಾರಾಂಶ ಮಾಡಿ ಕಳಿಸಿದ್ದೆ. ಪುಣ್ಯಾತ್ಮರು ಅದನ್ನಷ್ಟೇ ಓದಿದ್ದಾರೆ.

"ಕೊನೇಲಿ ರೈಲು ನಿಂತಿದೆ, ಅವನು ಕೈ ಚಾಚಿದಾನೆ, ಅವಳಿಗೂ ಇಷ್ಟ ಇದೆ. ಮತ್ಯಾಕಮ್ಮ ಹತ್ತಲ್ಲ? ಕಾರಣ ಒಂದು ಸಾಲಲ್ಲಿ ಬರೆದು ಕಳಿಸಿ, ಇನ್ನೊಂದ್ಸಲ ನೋಡೋಣ," ಅಂದರು.

ಅಂದು ರೈಲಿನ ಬಾಗಿಲಲ್ಲಿ ನಿಂತು ನೀನೂ ಅದನ್ನೇ ಕೇಳಿದ್ದೆ.

ಆ ಸಾಲು ನನಗೆ ಬಾಯಿಪಾಠ. ಆದರೆ ನಾನು ಬರೆದದ್ದನ್ನೆಲ್ಲ ಮೊದಲು ಓದುವವನು ಹಾಸಿಗೆ ಹಿಡಿದಿರುವ ನನ್ನ ತಮ್ಮ. ಅವನ ಕೈ ಏಳುವುದಿಲ್ಲ, ಪಕ್ಕದಲ್ಲಿ ಕೂತು ಪುಟ ತಿರುವುವವಳು ನಾನೇ. ಹಾಗಾಗಿ ಕಾದಂಬರಿಯ ಅವಳಿಗೆ ತಮ್ಮನೇ ಇಲ್ಲ.

ಫೋನ್ ಇಟ್ಟ ಮೇಲೆ ಒಳಗಿನಿಂದ ಅವನು ಕೇಳಿದ, "ಏನಂತೆ ಅಕ್ಕ?"

"ಕೊನೆ ಅರ್ಥ ಆಗ್ಲಿಲ್ವಂತೆ ಕಣೋ."

"ನಂಗೂ ಅದೊಂದು ಅರ್ಥ ಆಗ್ಲಿಲ್ಲ. ಆರಾಮಾಗಿ ಹೋಗ್ಬಹುದಿತ್ತು. ಅವಳನ್ನ ಹಿಡಿದಿಟ್ಕೊಳ್ಳೋಕೆ ಯಾರಿದ್ರು?"

"ಯಾರೂ ಇಲ್ಲ," ಎಂದು, ಅವನನ್ನು ತಬ್ಬಿ ಹಿಡಿದು ಇನ್ನೊಂದು ಮಗ್ಗುಲಿಗೆ ಹೊರಳಿಸಿದೆ.