ಶುಕ್ರವಾರ ಸಂಜೆಯ ರಿಲೀಸ್

ಮಾರ್ಚ್ 4, ಶುಕ್ರವಾರ, ಸಂಜೆ 5.10
ಬೋಲ್ಟ್, ಗ್ಯಾಸ್ಕೆಟ್ ಆರ್ಡರ್‌ಗಳೆಲ್ಲ ಬೆಳಗ್ಗೆಯೇ ರಿಲೀಸ್ ಮಾಡಿ ಸಪ್ಲೈಯರುಗಳಿಗೆ ಕಳಿಸಿದೆ. ಸ್ಪ್ರಿಂಗ್ ಆರ್ಡರ್ ಮಾತ್ರ ಈಗ. ಸೋಮವಾರ ಎಂಟಕ್ಕೆ ಮಾಲು ನಮ್ಮ ಫ್ಯಾಕ್ಟರಿ ಗೇಟಿನಲ್ಲಿರಬೇಕು. ನಿಯಮದಲ್ಲಿ ‘ಆರ್ಡರ್ ಎರಡು ದಿನ ಮೊದಲು’ ಎಂದಷ್ಟೇ ಇದೆ. ಶನಿವಾರ, ಭಾನುವಾರ ಬಿಟ್ಟು ಎಂದು ಯಾರೂ ಬರೆದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮಾರ್ಚ್ 7, ಸೋಮವಾರ
ಲಾರಿ ಬಂದಾಗ ಹನ್ನೊಂದು. ಮೊದಲ ಕೆಂಪು ಗುರುತು ಹಾಕಿದೆ. ಮೂರಾದರೆ ಸಪ್ಲೈಯರ್ ಪಟ್ಟಿಯಿಂದ ಹೊರಗೆ.
ಸ್ಪ್ರಿಂಗ್ ಮಾಡಿಕೊಡುವ ಶೆಡ್ಡಿನ ಓನರ್‌ಗೆ ನಾನು ಯಾರ ಮಗಳೆಂದು ಗೊತ್ತಿಲ್ಲ. ಅವರ ಶೆಡ್ಡಿನ ಪ್ರೆಸ್ ಮೆಷಿನ್ನಿಗೆ ಅಪ್ಪನ ಬಲಗೈಯ ನಾಲ್ಕು ಬೆರಳು ಹೋದಾಗ ನಾನು ಒಂಬತ್ತನೇ ಕ್ಲಾಸು. ಕೆಲಸ ಬೇಗ ಸಾಗಲೆಂದು ಸೇಫ್ಟಿ ಗಾರ್ಡ್ ತೆಗೆಸಿದ್ದವರು ಅವರೇ. ಆಸ್ಪತ್ರೆಗೆ ಬಂದು ಅಮ್ಮನಿಗೆ ಹೇಳಿದ್ದು ಒಂದೇ ಮಾತು: “ನಿದ್ದೆಗಣ್ಣಲ್ಲಿ ಕೆಲಸ ಮಾಡಿದ್ರೆ ಇನ್ನೇನಾಗುತ್ತಮ್ಮ.”

ಮಾರ್ಚ್ 28
ಎರಡನೆಯದೂ ಆಯಿತು.
ಮ್ಯಾನೇಜರ್ ಕೇಳಿದರು, “ಇವ್ರು ಮೊದ್ಲು ಹೀಗಿರ್ಲಿಲ್ವಲ್ಲ?”
“ವಯಸ್ಸಾಯ್ತಲ್ಲ ಸಾರ್” ಎಂದೆ. ತಲೆಯಾಡಿಸಿದರು.

ಏಪ್ರಿಲ್ 18, ಸೋಮವಾರ
ಮೂರು. ಓನರ್ ಖುದ್ದು ಬಂದರು. ಕೂರಿ ಎನ್ನಲಿಲ್ಲ.
“ಇಪ್ಪತ್ತಾರು ಜನ ನನ್ನ ನಂಬ್ಕೊಂಡಿದ್ದಾರಮ್ಮ. ನಿನ್ನೆ ಭಾನುವಾರಾನೂ ದುಡಿಸಿದೀನಿ. ಇದೊಂದ್ಸಲ ಬಿಟ್ಬಿಡಿ.”
ಅಪ್ಪನ ಹೆಸರು ಹೇಳಿದೆ. ಬಾಗಿಲಿನ ಚೌಕಟ್ಟು ಹಿಡಿದುಕೊಂಡರು.
“ನಿದ್ದೆಗಣ್ಣಲ್ಲಿ ವ್ಯಾಪಾರ ಮಾಡಿದ್ರೆ ಇನ್ನೇನಾಗುತ್ತೆ ಸಾರ್.”
ಹನ್ನೆರಡು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು... ಸಕ್ಕರೆ ಹಾಗೆ ಕರಗಿತು.

ಅದೇ ದಿನ, ಸಂಜೆ
ಅಪ್ಪನಿಗೆ ಎಲ್ಲ ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು. “ಮುಖ ಹೇಗಾಯ್ತು? ಇನ್ನೊಂದ್ಸಲ ಹೇಳು ಮಗಳೇ.”

ಮೇ 2
ಅಪ್ಪ ದಿನಾ ಅದನ್ನೇ ಕೇಳುತ್ತಾರೆ. ಓನರ್ ಅತ್ತರು ಎಂದು ನಾನೇ ಸೇರಿಸಿದೆ. ನಿನ್ನೆ, ಕಾಲು ಹಿಡಿಯಲು ಬಂದರು ಎಂದೂ. ಅಪ್ಪ ಈಗ ಎರಡು ತುತ್ತು ಹೆಚ್ಚು ಉಣ್ಣುತ್ತಾರೆ.

ಮೇ 11
ಸ್ಪ್ರಿಂಗ್ ಶೆಡ್ಡಿಗೆ ಬೀಗ ಬಿದ್ದಿದೆಯಂತೆ. ಅಲ್ಲಿನ ಪ್ರೆಸ್ ಆಪರೇಟರ್ ನಮ್ಮ ಗೇಟಿಗೆ ಕೆಲಸ ಕೇಳಿಕೊಂಡು ಬಂದಿದ್ದ. ನಲವತ್ತು ದಾಟಿದವನು. ರಿಜಿಸ್ಟರಿನಲ್ಲಿ ಎಡಗೈಯಿಂದ ಸಹಿ. ಬಲಗೈಗೆ ಬ್ಯಾಂಡೇಜ್. ಎರಡು ಬೆರಳಿನ ಜಾಗ ಖಾಲಿ.
“ಯಾವಾಗ ಆಯ್ತು?”
“ಹೋದ ತಿಂಗಳು, ಒಂದು ಭಾನುವಾರ ಮೇಡಂ. ಅರ್ಜೆಂಟ್ ಆರ್ಡರ್ ಅಂತ ಗಾರ್ಡ್ ತೆಗೆದಿದ್ರು. ನಿಮ್ಮದೇ ಆರ್ಡರ್.”

ಮನೆಗೆ ಬಂದಾಗ ಅಪ್ಪ ಜಗುಲಿಯಲ್ಲೇ ಕಾಯುತ್ತಿದ್ದರು. ಪಕ್ಕದ ಮನೆಯವರನ್ನೂ ಕೂರಿಸಿಕೊಂಡಿದ್ದರು. “ಇವ್ರಿಗೂ ಹೇಳು, ಮೊದಲಿಂದ.”
ಶುರುಮಾಡಿದೆ. “ಬಾಗಿಲಲ್ಲಿ ನಿಂತಿದ್ರು, ಕೈ—”