ಕಪ್ಪೆರಾಯನ ಎಡಗೈ

ಭಾನುವಾರ, ಊಟವಾದ ಮೇಲೆ

ನನ್ನ ಮುದ್ದಿನ ತಂಗಿಗೆ,

ಅಕ್ಕನ ತುಂಬುಪ್ರೀತಿ. ಕಾಗದ ತಡವಾಯಿತು, ಬೈಯಬೇಡ. ಶಾಲೆ ಶುರುವಾಗುವ ಕಾಲ, ನನ್ನ ಹೊಲಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಯೂನಿಫಾರಂ ಬಿದ್ದಿವೆ. ಊರಿನ ಮಕ್ಕಳಿಗೆಲ್ಲ ಒಂದೇ ಸಲ ಕೈಕಾಲು ಉದ್ದವಾಗಿಬಿಟ್ಟಿವೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದೆನಲ್ಲ ಮಹಾರಾಯ್ತಿ! ಯಾವ ಹೊತ್ತಿಗೆ ಮಾಡಿದರೂ "ಅಕ್ಕಾ, ಒಲೆ ಮೇಲೆ ಹಾಲಿಟ್ಟಿದ್ದೀನಿ" ಅಂತ ಇಟ್ಟುಬಿಡುತ್ತೀಯ. ಅಷ್ಟೊಂದು ಹಾಲನ್ನು ನೀನೊಬ್ಬಳೇ ಏನು ಮಾಡುತ್ತೀಯೋ ನನಗಂತೂ ಗೊತ್ತಿಲ್ಲ. ಕಾಗದದ ಹತ್ತಿರ ಆ ನೆಪ ನಡೆಯುವುದಿಲ್ಲ. ಹಾಲು ಇಳಿಸು, ಕೂತು ಓದು.

ಸುದ್ದಿ ಏನೆಂದರೆ, ನಮ್ಮ ಕಪ್ಪೆರಾಯ ಬದುಕಿದ್ದಾನೆ!

ಅಳಿಯ ಹೊಸ ಗೇಮ್ ಯಂತ್ರ ತಂದಿದ್ದಾನೆ. ತಂತಿಗಳನ್ನು ಟಿವಿಗೆ ಸಿಕ್ಕಿಸುತ್ತ "ಅತ್ತೆ, ಇದರಲ್ಲಿ ಹಳೇ ಡಿಸ್ಕುಗಳೂ ಓಡ್ತವೆ" ಎಂದ. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಡಿಗೆ ಓಡಿ ಗುಂಡಿಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ. ನಮ್ಮ ಹಳೆಯ ಯಂತ್ರ ಕೆಟ್ಟಾಗ ಕಪ್ಪೆರಾಯನ ಆಟದ ಡಿಸ್ಕನ್ನೂ ಎಸೆಯೋಣ ಎಂದವಳು ನೀನು. ನಾನು ಕೇಳಿದೆನೇ? ಕೋಟಿನ ಗುಂಡಿಗಳ ಕೆಳಗೆ ತಣ್ಣಗೆ ಮಲಗಿತ್ತು. ಲೈನಿಂಗ್ ಬಟ್ಟೆಯಿಂದ ಒರೆಸಿ ತಂದು ಹಾಕಿದೆ. ಯಂತ್ರ ಅದನ್ನು ನುಂಗಿ, ಇಂಟರ್ನೆಟ್ಟಿನಿಂದ ಏನನ್ನೋ ಇಳಿಸಿಕೊಳ್ಳುತ್ತ ಸುಮ್ಮನೆ ಕೂತುಬಿಟ್ಟಿತು. ನಿನ್ನ ಭಾವ ಪೇಪರಿನ ಹಿಂದಿನಿಂದಲೇ "ಹಳೇದಲ್ವಾ, ಜೀರ್ಣ ಆಗ್ತಿಲ್ಲ ಅನ್ಸುತ್ತೆ" ಎಂದರು. ಅಷ್ಟರಲ್ಲಿ ಬಂತು ನೋಡು, ಅದೇ ಪೀಪಿಯ ರಾಗ! ಕೊಡೆ ಹಿಡಿದುಕೊಂಡು ಕಪ್ಪೆರಾಯ ಕುಪ್ಪಳಿಸಿದ. ನಾನು ಚಪ್ಪಾಳೆ ತಟ್ಟಿದೆ, ನಕ್ಕೆ, ಮೂಗು ಒರೆಸಿಕೊಂಡೆ. ದೊಡ್ಡ ಟಿವಿಗೆ ಚಿತ್ರ ಸಾಲದೆ ಎರಡೂ ಪಕ್ಕ ಕಪ್ಪು ಪಟ್ಟಿ ಉಳಿಯಿತು. ಟಿವಿ ಕೆಟ್ಟಿತೆಂದು ನಿನ್ನ ಭಾವ ಇನ್ನೂ ಗೊಣಗುತ್ತಿದ್ದಾರೆ.

ನೆನಪಿದೆಯೇನೇ? ನೀನು ಬೇಕರಿ ಕೆಲಸ ಮುಗಿಸಿ, ಮೊಣಕೈಗೆ ಮೈದಾ ಅಂಟಿಸಿಕೊಂಡೇ ಬರುತ್ತಿದ್ದೆ. ನಾನು ಅಂಗಡಿಯ ಷಟರ್ ಅರ್ಧ ಎಳೆದು, ಹಿಂದಿನ ಕೋಣೆಯಲ್ಲಿ ಬಟ್ಟೆಯ ರಾಶಿಯನ್ನೇ ದಿಂಬು ಮಾಡಿಡುತ್ತಿದ್ದೆ. ಗಿರಾಕಿ ಬಂದು ಕೂಗಿದರೆ "ಕಾಜ ಹೊಲೀತಿದ್ದೀವಿ!" ಎಂದು ಒಳಗಿನಿಂದಲೇ ಉತ್ತರ. ಮರದ ದಿಮ್ಮಿಗಳ ಸೇತುವೆ ಬಂದರೆ ಸಾಕು, ಕಂಟ್ರೋಲರನ್ನು ನಿನ್ನ ಕೈಗೆ ಕೊಟ್ಟು ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆ ಸೇತುವೆಯನ್ನು ನಾನಾಗಿ ದಾಟಿದ್ದೇ ಇಲ್ಲ.

ಈಗಲೂ ಇಲ್ಲ. ಆ ಸೇತುವೆಯ ಮೇಲೆ ಜೇನುಹುಳುಗಳೆಲ್ಲ ಒಟ್ಟಿಗೆ ಬಂದಾಗ ನಮ್ಮ ಹಳೆಯ ಯಂತ್ರಕ್ಕೆ ಏದುಸಿರು ಬಂದು ಚಿತ್ರ ಒಂದು ಕ್ಷಣ ತಡವರಿಸುತ್ತಿತ್ತಲ್ಲ, ನೀನು ಆ ತಡವರಿಕೆಯಲ್ಲೇ "ಈಗ!" ಎಂದು ಹಾರಿಸುತ್ತಿದ್ದೆಯಲ್ಲ? ನಾನೂ ಅದನ್ನೇ ನಂಬಿ ಸೇತುವೆಯ ತುದಿಯಲ್ಲಿ ನಿಂತೆ. ಜೇನು ಬಂತು, ಕಚ್ಚಿತು, ಕಪ್ಪೆರಾಯ ನೀರಿಗೆ ಬಿದ್ದ. ಮತ್ತೆ ನಿಂತೆ, ಮತ್ತೆ ಬಿದ್ದ. ಅಳಿಯನಿಗೆ ತಡೆಯಲಾಗಲಿಲ್ಲ.

"ಅತ್ತೆ, ಅಲ್ಲಿ ಹೋಗಿ ಯಾಕೆ ನಿಲ್ತೀರಾ?"

"ಇಲ್ಲಿ ಅದು ತಡವರಿಸುತ್ತೆ ಕಣಪ್ಪಾ, ನಿಂಗೊತ್ತಿಲ್ಲ."

"ಇದು ಹೊಸ ಯಂತ್ರ. ಇದು ಎಲ್ಲೂ ತಡವರಿಸಲ್ಲ."

ನೋಡಿದೆಯಾ, ಯಂತ್ರದ ದೌರ್ಬಲ್ಯವನ್ನೇ ನಾವು ಆಟದ ನಿಯಮ ಎಂದುಕೊಂಡಿದ್ದೆವು! ನನ್ನ ಗೋಳು ನೋಡಲಾರದೆ ಅವನು ಇನ್ನೊಂದು ವಿಷಯ ಹೇಳಿದ. ಈ ಯಂತ್ರದಲ್ಲಿ ಎರಡು ಕಂಟ್ರೋಲರ್ ಸೇರಿಸಿ ಒಂದೇ ಕಪ್ಪೆಯನ್ನು ಆಡಿಸಬಹುದಂತೆ. ನಾನು ಎದ್ದು ನಿಂತೆ. "ಅಂದ್ರೆ ಎಡಗೈ ಕೆಲಸ ಒಬ್ರು, ಬಲಗೈ ಕೆಲಸ ಇನ್ನೊಬ್ರು ಮಾಡಬಹುದಾ?" ಎಂದೆ. "ಓ, ಧಾರಾಳವಾಗಿ" ಎಂದ.

ನಿನ್ನ ಭಾವನನ್ನು ಹಿಡಿದು ಕೂರಿಸಿದೆ. ನಡೆಸುವುದು ನಾನು, ಹಾರಿಸುವುದು ಅವರು. "ಹಾರ್ಸಿ" ಎಂದರೆ "ಎಲ್ಲಿಗೆ?" ಎನ್ನುತ್ತಾರೆ! ಉತ್ತರ ಹೇಳುವಷ್ಟರಲ್ಲಿ ಕಪ್ಪೆರಾಯನಿಗೆ ಸ್ನಾನ. ಇಷ್ಟು ವರ್ಷ ಸಂಸಾರ ಮಾಡಿದ ನಾವು ಒಂದು ಕಪ್ಪೆಯನ್ನು ದಡ ಸೇರಿಸಲಾರದೆ ಹೋದೆವು. ಮಗಳು ನಕ್ಕು ನಕ್ಕು ಸೋಫಾದಿಂದ ಜಾರಿಬಿದ್ದಳು. "ನಿನ್ನ ತಂಗೀನೇ ಕರೆಸು, ನಂಗೆ ಈ ಕಪ್ಪೆ ಸಹವಾಸ ಬೇಡ" ಎಂದು ನಿನ್ನ ಭಾವ ಎದ್ದು ಹೋದರು.

ಅದಕ್ಕೇ ಕರೆಯುತ್ತಿದ್ದೇನೆ. ಆಸ್ಪತ್ರೆಯಿಂದ ಬಂದ ದಿನ "ಎಡಗೈ ನನ್ನ ಮಾತೇ ಕೇಳಲ್ಲ ಅಕ್ಕಾ, ಆಟಗೀಟ ಎಲ್ಲಾ ಮುಗೀತು" ಎಂದಿದ್ದೆ. ಅಂದಿನಿಂದ ಮನೆಯ ಹೊಸ್ತಿಲು ದಾಟಿಲ್ಲ ನೀನು. ನನಗೇನೂ ತಿಳಿಯುವುದಿಲ್ಲ ಎಂದುಕೊಂಡೆಯಾ? ಆದರೆ ಹಾರಿಸುವ ಗುಂಡಿ ಇರುವುದು ಬಲಗೈಗೆ ಕಣೇ! ನಿನ್ನ ಬಲಗೈಗೆ ಏನಾಗಿದೆ? ಮೊನ್ನೆ ಅದರಲ್ಲೇ ಫೋನ್ ಎಷ್ಟು ಚುರುಕಾಗಿ ಇಟ್ಟೆ! ನಡೆಸುವುದನ್ನು ನಾನು ನೋಡಿಕೊಳ್ಳುತ್ತೇನೆ, "ಈಗ!" ಎನ್ನುವುದಕ್ಕೆ ನೀನೇ ಬೇಕು. ತಡವರಿಸದ ಯಂತ್ರದಲ್ಲಿ ಯಾವಾಗ ಹಾರಬೇಕು ಎಂದು ಇಬ್ಬರೂ ಹೊಸದಾಗಿ ಕಲಿಯೋಣ. ಮುಂದಿನ ಭಾನುವಾರ ಅಳಿಯ ಕಾರು ತರುತ್ತಾನೆ. ಅವನ ಹತ್ತಿರ ಹಾಲಿನ ಕಥೆ ಹೇಳಬೇಡ, ಉಕ್ಕುವವರೆಗೂ ಕಾಯುವ ಸ್ವಭಾವ ಅವನದು.

ನಗುನಗುತ್ತ ಚೆನ್ನಾಗಿರು, ನೂರು ಕಾಲ ನನ್ನ ಜೊತೆ ಜಗಳವಾಡುತ್ತಿರು.

ಇಂತಿ ನಿನ್ನ,
ಅಕ್ಕ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕೆಂದಿದ್ದೆ, ಧೈರ್ಯ ಬರಲಿಲ್ಲ. ಹಿಂದಿನ ಸಲ ನಾನು ಬಂದಾಗ ಸಂಜೆಯವರೆಗೂ ನೀನು ಎಡಗೈಯನ್ನು ಶಾಲಿನೊಳಗೇ ಇಟ್ಟುಕೊಂಡಿದ್ದೆ. ಸೆಖೆಗೆ ಹಣೆಯೆಲ್ಲ ಬೆವರಿದರೂ ಶಾಲು ತೆಗೆಯಲಿಲ್ಲ. ನಾನು ಆ ಕೈ ಹಿಡಿದುಕೊಳ್ಳಲು ಬಂದರೆ ನೀನು ಸರಿದು ಕೂತೆ. ನಿನಗೆ ನಡೆಯಲು ಕಲಿಸುವಾಗ ನಾನು ಹಿಡಿದುಕೊಂಡದ್ದು ಅದೇ ಕೈ. ಬೇರೆಯವರಿಂದ ಬೇಕಾದರೆ ಮುಚ್ಚಿಡು. ನನ್ನಿಂದಲೂ ಮುಚ್ಚಿಟ್ಟೆಯಲ್ಲ, ನಾನು ದಾರಿಯುದ್ದಕ್ಕೂ ಬಸ್ಸಿನಲ್ಲಿ ಅತ್ತುಕೊಂಡು ಬಂದೆ. ಭಾನುವಾರ ಬರುವಾಗ ಆ ಶಾಲನ್ನು ಮನೆಯಲ್ಲೇ ಬಿಟ್ಟು ಬಾ.