ಕೊನೆಯ ಹಾಳೆಯನ್ನು ಆಳವಾಗಿ ಹೂಳಿ

ಮೂಡಲದಂಡೆ, ಮಲಪ್ರಭೆಯ ತೀರ
ಫೆಬ್ರುವರಿ ಮೂವತ್ತು, 2317

ಎಲೈ ಪೂರ್ವಜರೇ, ಓದಿನ ಹುಚ್ಚು ಹತ್ತಿದ ನನ್ನ ಮುತ್ತಜ್ಜ ಮುತ್ತಜ್ಜಿಯರೇ!

ತಾರೀಖು ನೋಡಿ ನಗಬೇಡಿ. ವರ್ಷದ ಓದು ಮುಗಿಯದವರ ಅನುಕೂಲಕ್ಕೆಂದು ನಮ್ಮ ಹಿರಿಯರು ಫೆಬ್ರುವರಿಗೆ ಎರಡು ದಿನ ಹೊಲಿದಿದ್ದಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾಟಕ ಕಂಪನಿಯ ಪರದೆಯ ಹಿಂದೆ ತೊಟ್ಟಿಲಲ್ಲಿ ಬೆಳೆದವನು ನಾನು, ಗದಿಗೆಯ್ಯ. ಮೆಲ್ಲಗೆ ಮಾತಾಡಲು ನನಗೆ ಬರುವುದಿಲ್ಲ, ಕಾಗದದ ಮೇಲೂ ಬರುವುದಿಲ್ಲ. ಇದನ್ನು ನಿಮಗೆ ಮುಟ್ಟಿಸುವುದು ಹಿನ್ನಡೆಯಂಚೆ. ಅದು ಕಳೆದ ಕಾಲಕ್ಕೆ ಪತ್ರ ಒಯ್ಯುತ್ತದೆ, ಉತ್ತರ ತರುವುದಿಲ್ಲ. ಆದ್ದರಿಂದ ನನ್ನ ಸಿಟ್ಟಿಗೆ ನೀವು ಎದುರು ಮಾತಾಡುವಂತಿಲ್ಲ, ಕೇಳಲೇಬೇಕು!

ವರ್ಷಕ್ಕೆ ಐವತ್ತು ಪುಸ್ತಕ, ನೂರು ಪುಸ್ತಕ ಎಂದು ಲೆಕ್ಕವಿಟ್ಟು ನಾಲ್ಕು ಜನಕ್ಕೆ ತೋರಿಸುವ ಚಟ ನಿಮ್ಮ ಕಾಲದಲ್ಲಿ ಶುರುವಾಯಿತಂತೆ. ಆ ಬೀಜ ಇಲ್ಲಿ ಹೆಮ್ಮರವಾಗಿದೆ. ನಮ್ಮ ಊರೂರಿಗೂ ಒಂದು ಮಣಿಮನೆ ಇದೆ. ಪುಸ್ತಕ ಓದಿ ಮುಗಿಸಿದವರು ಅದರ ಕೊನೆಯ ಹಾಳೆಯನ್ನು ಹರಿದು ಅಲ್ಲಿಗೆ ಒಪ್ಪಿಸಬೇಕು. ಓದಿದ್ದಕ್ಕೆ ಅದೇ ಸಾಕ್ಷಿ. ಮಣಿಗಾರ ಆ ಹಾಳೆಯನ್ನು ನೆನೆಸಿ, ಅರೆದು, ಗೋಲಿಯಷ್ಟು ದಪ್ಪದ ಮಣಿ ಮಾಡಿ, ಬಣ್ಣ ಬಳಿದು ಕೊಡುತ್ತಾನೆ. ಅದನ್ನು ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತೇವೆ. ಮದುವೆಗೆ ಹೋದರೆ ಜನ ಮುಖಕ್ಕಿಂತ ಮೊದಲು ಕೊರಳು ನೋಡುತ್ತಾರೆ. ಉದ್ದ ಮಾಲೆಯವರಿಗೆ ಮೊದಲ ಪಂಕ್ತಿ, ಬರಿಗೊರಳಿನವರಿಗೆ ಪಾತ್ರೆಯ ತಳದ ಸಾರು.

ನನ್ನ ಮಾಲೆ ನಾಲ್ಕು ಸುತ್ತಿನದು. ಒಂದು ಕಾಲದಲ್ಲಿ ನಾನು ಮರದಡಿ ಕುಳಿತು ಪುಸ್ತಕ ಹಿಡಿದರೆ ಎಮ್ಮೆ ಬಂದು ಅಂಗಿಯ ತೋಳು ಮೆದ್ದರೂ ಗೊತ್ತಾಗುತ್ತಿರಲಿಲ್ಲ. ಮೊದಲ ಮಣಿ ಬಿದ್ದ ದಿನ ಹಿಗ್ಗಿದೆ. ನೂರನೆಯದು ಬಿದ್ದಾಗ ಜನ ಚಪ್ಪಾಳೆ ತಟ್ಟಿದರು. ನಟನಿಗೆ ಚಪ್ಪಾಳೆ ಎಂದರೆ ಗೊತ್ತಲ್ಲ! ಅಲ್ಲಿಂದ ಊಟ ಮಾಡುತ್ತಾ ಓದಿದೆ, ನಡೆಯುತ್ತಾ ಓದಿದೆ, ತೆಳ್ಳನೆಯ ಪುಸ್ತಕಗಳನ್ನೇ ಹುಡುಕಿ ಓದಿದೆ. ಮಣಿಗಾರ ಫಕೀರಗೌಡ ಬೇರೆ ಗಾಳಿ ಹಾಕುತ್ತಿದ್ದ: "ಏನ್ ಗದಿಗೆಯ್ಯಾ, ಆ ಕಂಬಾರ್ತಿ ಇರವ್ವ ನಿನ್ನ ದಾಟಿ ಹೋಗ್ಯಾಳ ನೋಡು. ನಿನ್ನ ಮೀಸಿ ಬರೇ ನಾಟಕಕ್ಕಷ್ಟ ಏನು?" ಮತ್ತೆ ಓಡಿದೆ. ಈ ಎರಡು ವರ್ಷದಿಂದ ಪುಸ್ತಕ ತೆರೆದರೆ ಬಾಯಿ ಕಹಿಯಾಗುತ್ತದೆ. ಅಕ್ಷರದ ಮೇಲೆ ಕಣ್ಣು ಜಾರುತ್ತದೆ, ಒಳಗೆ ಏನೂ ಇಳಿಯುವುದಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾಲೆಯ ಮರ್ಯಾದೆ ಏನಾಗಬೇಕು!

ನನ್ನ ಹೆಂಡತಿ ನೀಲಗಂಗವ್ವನದು ಬರಿಗೊರಳು. ಅವಳು ಹೋದ ವರ್ಷವೆಲ್ಲ ಓದಿದ್ದು ಒಂದೇ ಪುಸ್ತಕ, ನನ್ನ ಕಪಾಟಿನದು. ಅಂಬಿಗನೊಬ್ಬನ ಆಡು ನಡುಹೊಳೆಯಲ್ಲಿ ದೋಣಿಯಿಂದ ಜಿಗಿದು ಮಾಯವಾಗುತ್ತದೆ, ಅವನು ಎರಡೂ ದಡದಲ್ಲಿ ಅದನ್ನು ಹುಡುಕುತ್ತಾನೆ. ಕಥೆ ಅಷ್ಟೇ. ಅವಳು ದಿನಕ್ಕೊಂದು ಪುಟ ಓದುತ್ತಿದ್ದಳು. ರೊಟ್ಟಿ ಬಡಿಯುವಾಗ ನೆನೆದು ನಗುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದರೂ ಎಚ್ಚರವಿಲ್ಲ. ನನಗೆ ಮೈಯೆಲ್ಲ ಉರಿ. ನಾನು ಕಳೆದುಕೊಂಡದ್ದು ಅವಳ ಒಲೆಯ ಮುಂದೆ ಆರಾಮಾಗಿ ಕುಳಿತಿತ್ತು!

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳು ಪುಸ್ತಕ ಹಿಡಿದು ನನ್ನ ಮುಂದೆ ನಿಂತಳು. ಕೊನೆಯ ಹಾಳೆ ಇರಲಿಲ್ಲ. ಹರಿದವನು ನಾನೇ, ಏಳು ವರ್ಷದ ಹಿಂದೆ.

"ಹಾಳಿ ಹೋದ್ರ ಹೋಗ್ಲಿ. ನೀವು ಓದೀರಲ್ಲ, ಹೇಳ್ರಿ. ಆಡು ಸಿಕ್ತೋ ಇಲ್ಲೋ?"

ನಾನು ಬಾಯಿ ತೆರೆದೆ. ಐದು ನಾಟಕಗಳ ಅಷ್ಟೂ ಪಾತ್ರಗಳ ಮಾತನ್ನು ಇಂದಿಗೂ ಉಸಿರು ಬಿಡದೆ ಒಪ್ಪಿಸುವ ಈ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಆಡು ನೆನಪಿಲ್ಲ, ಅಂಬಿಗ ನೆನಪಿಲ್ಲ, ಹೊಳೆಯೂ ನೆನಪಿಲ್ಲ.

"ಸಿಕ್ತು," ಎಂದೆ.

"ಎಲ್ಲಿ?"

"ದಂಡ್ಯಾಗ."

"ಯಾವ ದಂಡ್ಯಾಗ್ರೀ?"

ನಾನು ಹೊಳೆಯ ಕಡೆಗೆ ಕೈ ಬೀಸಿದೆ. ಅವಳು ಬಯ್ಯಲಿಲ್ಲ. ಬೈದಿದ್ದರೆ ಗೆಲ್ಲುತ್ತಿದ್ದೆ, ನನ್ನ ಗಂಟಲು ದೊಡ್ಡದು. ಅವಳು ನನ್ನ ಮಾಲೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದರಾಗ ಯಾವ ಮಣಿರೀ ನನ್ನ ಆಡು?" ಎಂದಳು.

ಮಾಲೆಯಲ್ಲಿ ಏಳು ವರ್ಷ ಹಿಂದಕ್ಕೆ ಎಣಿಸಿ ಆ ಮಣಿ ಯಾವುದೆಂದು ಗುರುತು ಹಿಡಿದೆ, ಹಸಿರು ಬಣ್ಣದ್ದು. ಬಿಸಿನೀರಿನ ಬಟ್ಟಲಲ್ಲಿ ನೆನೆಸಿ ಕಾದೆ. ಹಾಳೆ ಬಿಚ್ಚಿಕೊಳ್ಳುತ್ತದೆ, ಎರಡು ಸಾಲಾದರೂ ಸಿಗುತ್ತದೆ ಎಂಬ ಆಸೆ. ಸಿಕ್ಕಿದ್ದು ಬೂದಿ ಬಣ್ಣದ ಗಂಜಿ. ಮಣಿಮನೆಗೆ ಓಡಿದೆ. ಅಲ್ಲಿಯ ಕಪಾಟಿನಲ್ಲಿ ಇನ್ನೊಂದು ಪ್ರತಿ ಇತ್ತು, ಅದಕ್ಕೂ ಕೊನೆಯ ಹಾಳೆ ಇಲ್ಲ. ಸುತ್ತಲಿನ ಹನ್ನೊಂದು ಊರು ತಿರುಗಿದೆ. ಅಯ್ಯೋ ದೈವವೇ, ಇಡೀ ನಾಡಿನಲ್ಲಿ ಕಥೆಗಳಿವೆ, ಅವುಗಳ ಕೊನೆಯೆಲ್ಲ ನಮ್ಮ ಕೊರಳಲ್ಲಿದೆ! "ಓದಿದಾವ್ರು ಯಾರರ ಇದ್ದಾರೇನು?" ಎಂದು ಸಂತೆಯ ನಡುವೆ ನಿಂತು ಕೂಗಿದೆ. ಎಂಟು ಜನ ಕೈ ಎತ್ತಿದರು. ಒಬ್ಬರಿಗೂ ಆಡಿನ ಗತಿ ಗೊತ್ತಿರಲಿಲ್ಲ.

ಮನೆಗೆ ಬಂದು ಮಾಲೆ ತೆಗೆದು ಗೂಟಕ್ಕೆ ನೇತುಹಾಕಿದೆ. ಕೊರಳಿಗೆ ಗಾಳಿ ತಾಗಿತು. ನೀಲಗಂಗವ್ವ ಪುಸ್ತಕವನ್ನು ಜೋಳ ತುಂಬಿಡುವ ಗುಮ್ಮಿಯಲ್ಲಿ ಬಚ್ಚಿಟ್ಟಳು. "ಓದಬೇಕಂತ ಕೈ ತಾನ ಕಡಿಯೂತನಕ ಮುಟ್ಟಬ್ಯಾಡ್ರಿ," ಎಂದಳು. ಒಂದು ತಿಂಗಳು ಸುಮ್ಮನೆ ಹೊಳೆ ನೋಡಿದೆ, ಜಗಳವಾಡಿದೆ, ಮೀಸೆ ತಿರುವಿದೆ. ಆಮೇಲೆ ಒಂದು ಬೆಳಿಗ್ಗೆ ಅವಳು ನೀರಿಗೆ ಹೋದಾಗ ಕಳ್ಳನಂತೆ ಗುಮ್ಮಿಗೆ ಕೈ ಹಾಕಿದೆ. ಈಗ ದಿನಕ್ಕೆ ಅರ್ಧ ಪುಟ. ಕೆಲವು ದಿನ ಅದೂ ಇಳಿಯುವುದಿಲ್ಲ, ಮುಚ್ಚಿಡುತ್ತೇನೆ. ನಿನ್ನೆ ಅಂಬಿಗ ಆಡಿಗೆ ಬೈದದ್ದು ಓದಿ ನಕ್ಕೆ. ಒಲೆಯ ಕಡೆಯಿಂದ, "ಹದಿನೇಳನೇ ಪುಟಾ ಹೌದಲ್ರೀ?" ಎಂಬ ಧ್ವನಿ ಬಂತು.

ಪೂರ್ವಜರೇ, ನಿಮ್ಮಲ್ಲಿ ಆ ಪುಸ್ತಕ ಇಡಿಯಾಗಿ ಇದ್ದೀತು. ದಯವಿಟ್ಟು ಎಣಿಸಲಿಕ್ಕೆಂದು ಓದಬೇಡಿ. ಬೇಸರ ಬಂದರೆ ಮುಚ್ಚಿ, ದನ ಮೇಯಿಸಿ, ಮತ್ತೆ ಬನ್ನಿ. ಆಮೇಲೆ ಆ ಕೊನೆಯ ಹಾಳೆಯನ್ನು ನಕಲು ಮಾಡಿ, ತಾಮ್ರದ ತಂಬಿಗೆಯಲ್ಲಿ ಹಾಕಿ, ಬಾಯಿಗೆ ಅರಗು ಮೆತ್ತಿ, ನಮ್ಮೂರ ಹೊಳೆದಂಡೆಯ ಆನೆಬೆನ್ನಿನ ಬಂಡೆಯ ಬುಡದಲ್ಲಿ ಹೂಳಿ. ಆ ಬಂಡೆ ಇನ್ನೂ ಅಲ್ಲೇ ಇದೆ. ನೀಲಗಂಗವ್ವ ಈಗಾಗಲೇ ಗುದ್ದಲಿ ಹಿಡಿದು ನಿಂತಿದ್ದಾಳೆ.

ಆದರೆ ಆಳವಾಗಿ ಹೂಳಿ, ನಿಮಗೆ ಕೈ ಮುಗಿಯುತ್ತೇನೆ, ಬಹಳ ಆಳವಾಗಿ ಹೂಳಿ. ಅವಳು ಅಗೆದು ತೆಗೆಯುವಷ್ಟರಲ್ಲಿ ನಾನು ಅಲ್ಲಿಗೆ ಓದಿ ಮುಟ್ಟಬೇಕು.